ಕಳಿಸಲು ಬಂದವರಿಗೊಂದು ನೆರಳು

ಸಾರಿಗೆ ಕೆಲಸಕ್ಕೆ ಹೊಸದಾಗಿ ಸೇರಿದವರು ಯಾರಾದರೂ ಸಿಕ್ಕರೆ ನಾನು ಅವರನ್ನು ಸುಮ್ಮನೆ ಬಿಡುವುದಿಲ್ಲ. ಕೂಡಿಸಿಕೊಂಡು, ಚಹಾ ಕುಡಿಸಿ, ಒಂದು ಪ್ರಶ್ನೆ ಕೇಳುತ್ತೇನೆ: ‘ಬಸ್ ಸ್ಟ್ಯಾಂಡಿನ್ಯಾಗ ನಿಂತ ಮಂದಿಯೊಳಗ ಊರಿಗೆ ಹೋಗೋರು ಯಾರು ಅಂತ ಹ್ಯಾಂಗ ಗುರ್ತ ಹಿಡೀತಿ?’ ಹುಡುಗರು ನಗುತ್ತಾರೆ. ‘ಕೈಯಾಗ ಗಂಟು ಇದ್ದವ್ರು ಹೋಗೋರು, ಇಲ್ಲದವ್ರು ಸುಮ್ಮ ನಿಂತವ್ರು. ಅದೇನ್ ದೊಡ್ಡ ಮಾತ್ರಿ ಅಜ್ಜಾರ’ ಅನ್ನುತ್ತಾರೆ. ಆಗ ನನಗೆ ಕುಣಿಯುವಷ್ಟು ಖುಷಿಯಾಗುತ್ತದೆ. ಏಕೆಂದರೆ ಇದೇ ಉತ್ತರವನ್ನು ನಂಬಿ ನಮ್ಮ ಸಾಹೇಬರೊಬ್ಬರು ಒಂದು ಕಾಲಕ್ಕೆ ಸರಕಾರದ ಹೊಸಾ ಬಸ್ಸೊಂದನ್ನು ನಮ್ಮ ಭಾಗಕ್ಕೆ ತಂದಿದ್ದರು. ಇದೇ ಉತ್ತರದ ದೆಸೆಯಿಂದ ಆ ಬಸ್ಸು ನಮ್ಮ ಕೈಬಿಟ್ಟು ಹೋಗುವುದರಲ್ಲಿತ್ತು.

ಬಡ್ತಿ, ವರ್ಗಾವಣೆ, ಯಾವಾಗ ಯಾವ ಕುರ್ಚಿ ಎಂಬುದನ್ನೆಲ್ಲ ನಾನಿಲ್ಲಿ ಬಿಟ್ಟುಬಿಡುತ್ತೇನೆ. ಅವು ಪಿಂಚಣಿಯ ಕಾಗದದಲ್ಲಿವೆ, ಅಲ್ಲೇ ಇರಲಿ. ನನಗೆ ಮಾತು ಕಲಿಸಿದವಳು ನಮ್ಮ ಅಜ್ಜಿ. ರೋಣದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಕತೆ ಹೇಳುವಾಗ ಅವಳು ಮೊದಲು ಜಾಗ ತೋರಿಸುತ್ತಿದ್ದಳು, ಆಮೇಲೆ ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ಕರೆದುಕೊಂಡು ಬರುತ್ತಿದ್ದಳು. ನನಗೂ ಅದೇ ರೂಢಿ ಬಿದ್ದಿದೆ.

ಜಾಗ ಹೀಗೆ. ಗುಡ್ಡದ ಬುಡಕ್ಕೆ ಗಜೇಂದ್ರಗಡ. ಅಲ್ಲಿಂದ ಎರೆಹೊಲಗಳ ನಡುವೆ ಹಾಯ್ದು ಬಂದರೆ ರೋಣ. ಇನ್ನೂ ಮುಂದೆ ಹೋದರೆ ಮತ್ತೊಂದು ಗುಡ್ಡ, ಅದರ ಕೆಳಗೆ ನರಗುಂದ. ಅದನ್ನೂ ದಾಟಿದರೆ ಮಲಪ್ರಭೆಯ ದಂಡೆಯ ಕೊಣ್ಣೂರು. ಇಷ್ಟು ನಮ್ಮ ದಾರಿ. ಬೇಸಿಗೆಯಲ್ಲಿ ಅದು ಧೂಳು. ಮಳೆ ಬಿತ್ತೆಂದರೆ ಕಾಲಿನ ಚಪ್ಪಲಿಯನ್ನೂ ಎತ್ತಗೊಡದ ಕರೇ ಅಂಟು. ಚಕ್ಕಡಿ ಹೂಡಿಕೊಂಡು ಹೊರಟರೆ ನಡುವೆ ಎಲ್ಲಿಯಾದರೂ ವಸತಿ ಮಾಡದೆ ಕೊಣ್ಣೂರು ಮುಟ್ಟುವಂತಿರಲಿಲ್ಲ.

ಮೋಟಾರು ಇರಲಿಲ್ಲವೆಂದಲ್ಲ. ಯುದ್ಧದ ಕಾಲದಿಂದಲೂ ಖಾಸಗಿ ಸರ್ವಿಸ್ ಮೋಟಾರು ಓಡುತ್ತಿದ್ದವು. ಪೆಟ್ರೋಲು ಸಿಗದಾದಾಗ ಹಿಂದುಗಡೆ ಒಂದು ಒಲೆ ಕಟ್ಟಿ, ಇದ್ದಲಿ ಉರಿಸಿ, ಆ ಹೊಗೆಯಿಂದಲೇ ಓಡಿಸುತ್ತಿದ್ದರು. ಏರು ಬಂದರೆ ಜನರೆಲ್ಲ ಇಳಿದು ನಡೆಯಬೇಕು. ಅವಕ್ಕೆ ವೇಳಾಪಟ್ಟಿ ಎಂಬುದಿರಲಿಲ್ಲ. ತುಂಬಿದರೆ ಹೊರಟಿತು, ತುಂಬದಿದ್ದರೆ ಇಲ್ಲ. ಅಂಥ ಒಂದು ಮೋಟಾರಿನ ಡ್ರೈವರ್ ಇಮಾಮಸಾಬ. ಗಜೇಂದ್ರಗಡದವನು. ಎತ್ತರದ ಆಳು, ಮೀಸೆಯ ತುಂಬ ನಗೆ. ಆ ದಾರಿಯ ಒಂದೊಂದು ತಗ್ಗನ್ನೂ ಬೀಗರನ್ನು ಕಂಡಹಾಗೆ ಮಾತಾಡಿಸಿ ದಾಟುತ್ತಿದ್ದ. ‘ಬಂದ್ಯಾ ಮಾವಾ, ಇವತ್ತ ಸ್ವಲ್ಪ ಸಣ್ಣವ ಆಗಪಾ’ ಎಂದು ತಗ್ಗಿಗೆ ಹೇಳಿಯೇ ಗೇರು ಬದಲಿಸುವನು.

ಐವತ್ತರ ದಶಕದ ಮೊದಲ ಭಾಗ. ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದೆವು. ಸರಕಾರ ಬಸ್ಸುಗಳನ್ನು ತನ್ನ ಕೈಗೆ ತೆಗೆದುಕೊಂಡಿತು. ಇಮಾಮಸಾಬನಿಗೆ ಖಾಕಿ ಬಂತು, ನನಗೆ ಗಜೇಂದ್ರಗಡದಲ್ಲಿ ಸ್ಟ್ಯಾಂಡ್ ಮಾಸ್ತರ ಕೆಲಸ ಬಂತು. ಸ್ಟ್ಯಾಂಡು ಅಂದರೆ ಒಂದು ಬೇವಿನ ಗಿಡ, ಅದರ ಕೆಳಗೆ ಒಂದು ತಗಡಿನ ಕುರ್ಚಿ. ನೆರಳು ಸರಿದಂತೆ ಕುರ್ಚಿ ಸರಿಸಬೇಕು. ಸಂಜೆಯ ಹೊತ್ತಿಗೆ ನಾನು ಗಿಡಕ್ಕೆ ಅರ್ಧ ಪ್ರದಕ್ಷಿಣೆ ಹಾಕಿರುತ್ತಿದ್ದೆ. ಬಸ್ಸು ಮಾತ್ರ ಹಳೆಯದೇ, ಮಾಲಕರಿಂದ ಬಂದದ್ದು. ಅದರ ಬಾಗಿಲಿಗೆ ಹಗ್ಗ ಕಟ್ಟಿದ್ದೆವು.

ಹೊಸ ಬಸ್ಸು ಯಾವಾಗ ಎಂದು ಜನ ದಿನಾ ಕೇಳುವರು. ಅದಕ್ಕೆ ಉತ್ತರ ನಮ್ಮ ವಿಭಾಗದ ಕಾಮತ ಸಾಹೇಬರಲ್ಲಿತ್ತು. ಕಾಮತರು ಕಾರವಾರದ ಕಡೆಯವರು. ತೆಳ್ಳಗೆ, ಬೆಳ್ಳಗೆ, ಸದಾ ಅವಸರ. ಕೈಯಲ್ಲೊಂದು ಕೊಡೆ, ಹೆಗಲಿಗೊಂದು ನೀರಿನ ಬಾಟಲಿ. ನನ್ನ ಮೇಲಧಿಕಾರಿಗಳಲ್ಲಿ ನಾನು ಇಷ್ಟು ಬೈಸಿಕೊಂಡದ್ದು ಇನ್ನೊಬ್ಬರಿಂದ ಇಲ್ಲ, ಇಷ್ಟು ಪ್ರೀತಿಸಿದ್ದೂ ಇನ್ನೊಬ್ಬರನ್ನಲ್ಲ. ಅವರು ನನಗೆ ವಿಷಯ ಬಿಡಿಸಿ ಹೇಳಿದರು: ‘ನೋಡಿ ಮಾಸ್ತರೇ, ಟಿಕೆಟಿನ ದುಡ್ಡಿನಿಂದ ಎಣ್ಣೆ ಹಾಕಬಹುದು, ಸಂಬಳ ಕೊಡಬಹುದು. ಹೊಸ ಬಸ್ಸು, ಶೆಡ್ಡು, ಸ್ಟ್ಯಾಂಡು ಆಗಬೇಕಾದರೆ ಸರಕಾರ ಬಂಡವಾಳ ಹಾಕಬೇಕು. ವರ್ಷಕ್ಕೊಮ್ಮೆ ಹಾಕುತ್ತದೆ. ಅದನ್ನು ಎಲ್ಲರೂ ಹಂಚಿಕೊಳ್ಳಬೇಕು. ದೊಡ್ಡ ದೊಡ್ಡ ಶಹರಗಳಲ್ಲಿ ಜನ ಬಸ್ಸಿಗೆ ಜೋತುಬಿದ್ದು ಹೋಗುತ್ತಾರೆ. ಅವರ ಮುಂದೆ ನಿಮ್ಮ ಬೇವಿನ ಮರವನ್ನು ನಾನು ಹೇಗೆ ನಿಲ್ಲಿಸಲಿ?’

ಇದನ್ನೇ ನಾನು ಗೌರವ್ವನಿಗೆ ಹೇಳಿದೆ. ಗೌರವ್ವ ನೇಕಾರರ ಮನೆಯ ಹೆಂಗಸು, ಗಿಡದ ಎದುರಿಗೇ ಮನೆ. ಮಗ್ಗದ ಸಪ್ಪಳ ನಿಂತಿತೆಂದರೆ ಗೌರವ್ವ ಕಟ್ಟೆಗೆ ಬಂದಳೆಂದು ಅರ್ಥ. ಅವಳ ಮಗಳು ಶಾಂತಾಳನ್ನು ದೂರದ ಕೊಣ್ಣೂರಿಗೆ ಕೊಟ್ಟಿದ್ದರು. ಲಗ್ನವಾಗಿ ಹೋದವಳು ಒಂದೇ ಒಂದು ಹಬ್ಬಕ್ಕೆ ತವರಿಗೆ ಬಂದಿದ್ದಳು.

‘ಹಂಗಂದ್ರ ಮಗ್ಗದ ರೊಕ್ಕ ಬ್ಯಾರೆ, ನೂಲಿನ ರೊಕ್ಕ ಬ್ಯಾರೆ ಅನ್ರಿ’ ಅಂದಳು ಗೌರವ್ವ.

‘ಖರೇ ಹೇಳಿದಿ ನೋಡವ್ವ.’

‘ಸರಕಾರ ಮಗ್ಗ ಕೊಡತೈತಿ. ನೇಯೋದು ನಾವು.’

‘ಹೌದವ್ವ.’

‘ನೇಯಲಿಲ್ಲಂದ್ರ?’

‘ಎತ್ಕೊಂಡ ಹೋಗಿ ನೇಯೋರಿಗೆ ಕೊಡತೈತಿ.’

‘ಹಂಗಾರ ಲಗೂ ತರಸ್ರಿ. ನಾ ನೇಯ್ತೀನಿ’ ಎಂದು ಎದ್ದು ಹೋದಳು. ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಆ ವರ್ಷ ಕಾಮತರೇ ಖುದ್ದಾಗಿ ಬಂದರು. ಯಾವ ದಾರಿಗೆ ಎಷ್ಟು ಜನ ಎಂದು ಎಣಿಸಿ ಮೇಲೆ ಕಳಿಸಿದರೆ, ಬಂಡವಾಳದಲ್ಲಿ ನಮಗೂ ಒಂದು ಪಾಲು ಕೇಳಬಹುದಿತ್ತು. ಆಗ ಎಣಿಕೆಯೆಂದರೆ ಕಣ್ಣಿನ ಕೆಲಸ. ನನ್ನನ್ನು ನರಗುಂದಕ್ಕೆ ಅಟ್ಟಿದರು. ಗಜೇಂದ್ರಗಡ ಮತ್ತು ರೋಣ ಎರಡನ್ನೂ ತಾವೇ ಇಟ್ಟುಕೊಂಡರು. ನಾನು ನರಗುಂದದಲ್ಲಿ ಒಬ್ಬೊಬ್ಬರನ್ನೇ ‘ಎಲ್ಲಿಗೆ ಹೊಂಟೀರಿ?’ ಎಂದು ಕೇಳುತ್ತ ನಿಂತೆ. ಬಾಯಿ ಬತ್ತಿತು. ಹೋಗುವವರೆಂದು ಸಿಕ್ಕವರು ಸ್ವಲ್ಪವೇ.

ರೋಣದಲ್ಲಿ ಇಬ್ಬರೂ ಕೂಡಿದೆವು. ನನ್ನ ಎಣಿಕೆ ನೋಡಿ ಕಾಮತರು ಹಣೆ ಹಣೆ ಬಡಿದುಕೊಂಡರು. ‘ಏನು ಮಾರಾಯರೇ, ನರಗುಂದದಂಥ ಊರಿನಲ್ಲಿ ಇಷ್ಟೇ ಜನರೇ? ಗಜೇಂದ್ರಗಡದಲ್ಲಿ ನೋಡಬೇಕಿತ್ತು ನೀವು! ಗಿಡದ ಕೆಳಗೆ ಕಾಲಿಡಲು ಜಾಗವಿಲ್ಲ. ನಾನೇನು ಸುಮ್ಮನೆ ನಿಂತವರನ್ನು ಹಿಡಿದಿಲ್ಲ. ಕೈಯಲ್ಲಿ ಗಂಟು, ಬುಟ್ಟಿ, ಟ್ರಂಕು ಇದ್ದವರನ್ನಷ್ಟೇ ಎಣಿಸಿದ್ದೇನೆ. ಎಣಿಸುವುದಕ್ಕೂ ಒಂದು ಶಾಸ್ತ್ರ ಬೇಕು.’ ನನ್ನ ಎಣಿಕೆಯನ್ನು ಮಡಿಚಿ ಜೇಬಿಗೆ ಹಾಕಿಕೊಂಡರು. ತಮ್ಮದನ್ನು ಮೇಲೆ ಕಳಿಸಿದರು.

ಮುಂದೆ ಕೆಲವು ತಿಂಗಳಲ್ಲೇ ಬಸ್ಸು ಮಂಜೂರಾಯಿತು!

ಆ ಸುದ್ದಿ ಬಂದ ದಿನ ಇಮಾಮಸಾಬ ಹಳೆಯ ಬಸ್ಸಿನ ಬಾಗಿಲಿನ ಹಗ್ಗ ಬಿಚ್ಚಿ ನನ್ನ ಕೊರಳಿಗೆ ಹಾರದ ಹಾಗೆ ಹಾಕಿದ. ಹೊಸ ಬಸ್ಸನ್ನು ತರಲು ಅವನೇ ಹೋದ. ಅದು ಬರುವ ದಿನ ಗುಡ್ಡದ ಮೇಲೆ ಹುಡುಗರು ಹತ್ತಿ ಕೂತಿದ್ದರು. ದೂರದಲ್ಲಿ ಧೂಳು ಎದ್ದದ್ದೇ ‘ಬಂತ್ರೋ ಬಂತು!’ ಎಂದು ಅಲ್ಲಿಂದಲೇ ಕೂಗು. ಕೆಂಪು ಬಣ್ಣ, ಹೊಳೆಯುವ ಗಾಜು, ಮೆತ್ತನೆಯ ಸೀಟು. ಇಮಾಮಸಾಬ ಎಷ್ಟು ನೆಟ್ಟಗೆ ಕೂತಿದ್ದನೆಂದರೆ ಅವನನ್ನೂ ಬಸ್ಸಿನ ಜೊತೆಗೇ ಕಾರಖಾನೆಯಲ್ಲಿ ಮಾಡಿ ಕಳಿಸಿದ್ದಾರೆನಿಸಿತು. ನೇಕಾರರ ಓಣಿಯ ಹೆಂಗಸರು ಆರತಿ ತಂದರು. ಗೌರವ್ವ ಬಾನೆಟ್ಟಿನ ಮೇಲೆ ಕೈಯಾಡಿಸಿ, ‘ಇನ್ನೂ ಬಿಸಿ ಐತಲ್ಲೋ ಇಮಾಮಣ್ಣ, ಜ್ವರ ಬಂದದ ಏನು?’ ಅಂದಳು. ‘ದಾರಿ ನೋಡಿ ಅಂಜ್ಯದವ್ವಾ’ ಅಂದ ಅವನು. ಊರಿಗೆ ಊರೇ ನಕ್ಕಿತು.

ಮರುದಿನ ಬೆಳಿಗ್ಗೆ ಬಸ್ಸು ಹೊರಡಬೇಕು. ಗಿಡದ ಕೆಳಗೆ ಜಾತ್ರೆಯೇ ನೆರೆದಿತ್ತು. ಗಂಟು, ಬುಟ್ಟಿ, ಟ್ರಂಕು, ರೊಟ್ಟಿಯ ಬುತ್ತಿ, ಎಣ್ಣೆಯ ಡಬ್ಬಿ. ಸೀಟು ಸಾಲದೆ ಹೋದರೆ ಏನು ಮಾಡಬೇಕೆಂದು ನಾನು ಕಂಡಕ್ಟರನಿಗೆ ಹೇಳಿಕೊಡುತ್ತಿದ್ದೆ. ಗಂಟೆ ಹೊಡೆಯಿತು. ಗಂಟುಗಳೆಲ್ಲ ಮೇಲೆ ಏರಿದವು, ಒಳಗೆ ಸೇರಿದವು. ಜನ ಮಾತ್ರ ಕೆಳಗೇ ನಿಂತರು. ಒಳಗೆ ನಾಲ್ಕು ಮಂದಿ ಕೂತಿದ್ದರು.

ಇಮಾಮಸಾಬ ತಲೆ ಹೊರಹಾಕಿದ. ‘ಹತ್ರೆಪಾ! ಹೊತ್ತಾತು!’

‘ನಾವೆಲ್ಲಿ ಹತ್ತೂಣೋ ಮಾರಾಯಾ’ ಅಂದ ಒಬ್ಬ ಮುದುಕ. ‘ನಾವು ಕಳಸಾಕ ಬಂದೇವಿ.’

ಆಗ ನನಗೆ ಬೆಳಕು ಬಿತ್ತು. ನಮ್ಮ ಕಡೆ ಊರಿಗೆ ಹೋಗುವವರು ಕೈಯಲ್ಲಿ ಏನನ್ನೂ ಹಿಡಿಯುವುದಿಲ್ಲ. ಹೋಗುವವರ ಕೈಗೆ ಗಂಟು ಕೊಟ್ಟರೆ ಮನೆಯವರಿಗೆ ಅವಮಾನ. ಅಣ್ಣ ಟ್ರಂಕು ಹೊರಬೇಕು, ತಮ್ಮ ಬುಟ್ಟಿ ಹಿಡಿಯಬೇಕು, ಚಿಗವ್ವ ಬುತ್ತಿ ತರಬೇಕು, ಪಕ್ಕದ ಮನೆಯವರು ಕೂಸನ್ನು ಎತ್ತಿಕೊಳ್ಳಬೇಕು. ಕೈ ಬೀಸಿಕೊಂಡು ಬರುವವನೇ ಪ್ರಯಾಣಿಕ! ಕಾಮತರು ಎಣಿಸಿದ್ದು ಅಷ್ಟೂ ಕಳಿಸಲು ಬಂದವರನ್ನು. ಹೋಗುವವರನ್ನು ‘ಸುಮ್ಮನೆ ನಿಂತವರು’ ಎಂದು ಬಿಟ್ಟಿದ್ದರು.

ಅಷ್ಟಕ್ಕೇ ಮುಗಿಯಲಿಲ್ಲ. ಬಸ್ಸು ಹೊರಟರೆ ಆ ಜನ ಮನೆಗೂ ಹೋಗುವುದಿಲ್ಲ. ನಮ್ಮಲ್ಲಿ ಕಳಿಸುವುದೆಂದರೆ ಊರ ಸೀಮೆಯವರೆಗೆ ಕಳಿಸುವುದು. ಪುರ್ತಗೇರಿಗೆ ದಾರಿ ಒಡೆಯುವ ತಿರುವಿನವರೆಗೆ ಬಸ್ಸಿನ ಅಕ್ಕಪಕ್ಕ ನಡೆದರು. ಕಿಟಕಿಯಲ್ಲಿ ಕೈಯಿಟ್ಟು ಮಾತು. ಇಮಾಮಸಾಬ ಮೊದಲನೆಯ ಗೇರಿನಲ್ಲೇ ದೇವರ ಪಲ್ಲಕ್ಕಿಯ ಹಾಗೆ ಬಸ್ಸನ್ನು ನಡೆಸಿದ.

ಆದರೂ ಆ ಬಸ್ಸು ಏನು ಮಾಡಿತೆಂದು ಹೇಳದಿದ್ದರೆ ತಪ್ಪಾಗುತ್ತದೆ. ಅಸೂಟಿಯ ಕಡೆಯ ರೈತರು ಬೆಳಿಗ್ಗೆ ರೋಣಕ್ಕೆ ನಡೆದುಬಂದು, ಬಸ್ಸು ಹಿಡಿದು, ನರಗುಂದದ ಪ್ಯಾಟಿ ಮಾಡಿ, ಸಂಜೆಗೆ ಮನೆಯಲ್ಲಿರತೊಡಗಿದರು. ದವಾಖಾನೆಗೆ ಹೋಗುವವರು ಚಕ್ಕಡಿ ಬಿಟ್ಟರು. ಒಂದು ಮಳೆಗಾಲದಲ್ಲಿ ಕೊಣ್ಣೂರಿನ ಸೇತುವೆಯ ಮೇಲೆ ನೀರು ಬಂದಿತ್ತು. ಬಸ್ಸು ಈಚೆ ದಂಡೆಯಲ್ಲಿ; ಆಚೆ ದಂಡೆಯಲ್ಲಿ ಬೀಗರ ಮನೆಯಿಂದ ಬರುತ್ತಿದ್ದ ದಿಬ್ಬಣ. ಹಿಂದಿರುಗಬೇಕಾದ ಹೊತ್ತು ಮೀರಿದರೂ ಇಮಾಮಸಾಬ ಕದಲಲಿಲ್ಲ. ನೀರು ಇಳಿಯುವವರೆಗೆ ಈ ದಂಡೆಯಿಂದ ಹಾರ್ನ್ ಹೊಡೆಯುತ್ತ ನಿಂತ. ಆ ದಂಡೆಯಿಂದ ವಾಲಗದವರು ಉತ್ತರ ಕೊಡುತ್ತ ನಿಂತರು. ತಡವಾದದ್ದಕ್ಕೆ ಕಾರಣ ಕೇಳಿದರೆ, ‘ಮದುಮಗಳು ಆ ಕಡೆ ಇದ್ಲುರಿ, ಬಸ್ಸು ಈ ಕಡೆ. ಮಾತು ನಡೆದಿತ್ತು’ ಎಂದು ಹೇಳಿದ. ನಾನು ಅದನ್ನೇ ಬರೆದು ಕಳಿಸಿದೆ.

ಇಷ್ಟಾದರೂ ಗಜೇಂದ್ರಗಡದಿಂದ ಹೊರಡುವಾಗ ಬಸ್ಸು ಅರ್ಧವೂ ತುಂಬುತ್ತಿರಲಿಲ್ಲ. ಮೇಲಿನಿಂದ ಕಾಗದ ಬಂತು. ಈ ಗಾಡಿಯನ್ನು ಶಹರದ ದಾರಿಗೆ ಹಾಕಬೇಕೆಂಬ ವಿಚಾರವಿದೆ. ಮುಖ್ಯ ಕಚೇರಿಯ ದೊಡ್ಡ ಸಾಹೇಬರು ಬಂದು ಕಣ್ಣಾರೆ ನೋಡಿ ತೀರ್ಮಾನಿಸುತ್ತಾರೆ. ಗಾಡಿ ಹೋದರೆ ಅದರ ಜೊತೆಗೆ ಡ್ರೈವರನೂ ಶಹರಕ್ಕೆ ಹೋಗಬೇಕು. ಇಮಾಮಸಾಬ ಆ ದಿನ ಯಾವ ತಗ್ಗನ್ನೂ ಮಾತಾಡಿಸಲಿಲ್ಲ. ಗೌರವ್ವನ ಮಗಳು ಶಾಂತಾ ಬಸುರಿ. ಚೊಚ್ಚಲ ಹೆರಿಗೆಗೆ ತವರಿಗೆ ಕರೆತರುವ ದಿನ ಹತ್ತಿರ ಬಂದಿತ್ತು.

‘ಬಸ್ಸಿಲ್ಲಂದ್ರ ಬೀಗರು ಕಳಸೂದಿಲ್ರಿ ಮಾಸ್ತರ್ರ’ ಅಂದಳು ಗೌರವ್ವ. ‘ಈ ದಾರ್ಯಾಗ ಬಸುರಿ ಹುಡುಗಿನ್ನ ಚಕ್ಕಡ್ಯಾಗ ಹ್ಯಾಂಗ ಕಳಸೂಣು ಅಂತಾರ. ಅವ್ರ ಮಾತ ತಪ್ಪಲ್ಲ.’

ಕಾಮತರು ಓಡಿಬಂದರು. ಬಂದವರೇ ನನ್ನ ಮೇಲೆ ಹರಿಹಾಯ್ದರು. ‘ನಾನು ಎಣಿಸಿದ ಜನ ಎಲ್ಲಿ? ಏನು ಮಾಡಿದಿರಿ ಅವರನ್ನು?’ ನಾನು ಹೇಳಲು ಹೋದೆ. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ಮರುದಿನ ಬಸ್ಸಿನಲ್ಲೇ ಕೂತು ತಾವೇ ಪರೀಕ್ಷೆ ಮಾಡುವುದಾಗಿ ಹೇಳಿ, ಗಜೇಂದ್ರಗಡದಲ್ಲಿ ನಾನು ಹಿಡಿದಿದ್ದ ಬಾಡಿಗೆ ಮನೆಯಲ್ಲಿ ಉಳಿದರು.

ಬೆಳಿಗ್ಗೆ ಅವರು ಹೊರಟರು. ಅವರು ಬಾಗಿ ಬ್ಯಾಗು ಎತ್ತಿಕೊಳ್ಳುವುದರೊಳಗೆ ನನ್ನ ತಮ್ಮ ಅದನ್ನು ಕಸಿದುಕೊಂಡ. ಪಕ್ಕದ ಮನೆಯವರು ಕೊಡೆ ತೆಗೆದುಕೊಂಡರು. ನೀರಿನ ಬಾಟಲಿ ಯಾರ ಹೆಗಲಿಗೋ ಹೋಯಿತು. ನನ್ನ ಹೆಂಡತಿ ಕಟ್ಟಿಕೊಟ್ಟ ರೊಟ್ಟಿ, ಚಟ್ನಿಯ ಗಂಟನ್ನು ಗೌರವ್ವ ಹಿಡಿದಳು. ಓಣಿಯವರು ಒಬ್ಬೊಬ್ಬರಾಗಿ ಸೇರಿಕೊಂಡರು. ಗಿಡದ ಹತ್ತಿರ ಬರುವ ಹೊತ್ತಿಗೆ ಒಂದು ಮೆರವಣಿಗೆಯೇ ಆಗಿತ್ತು. ಕಾಮತರು ನಡುವೆ ಕೈ ಬೀಸಿಕೊಂಡು ನಡೆಯುತ್ತಿದ್ದರು. ಹಾಗೆ ನಡೆಯುತ್ತ ನಡೆಯುತ್ತ ಅವರ ಹೆಜ್ಜೆ ನಿಧಾನವಾಯಿತು. ಒಮ್ಮೆ ತಮ್ಮ ಖಾಲಿ ಕೈಗಳನ್ನು ನೋಡಿಕೊಂಡರು. ಸುತ್ತಲಿನವರ ಕೈಯಲ್ಲಿದ್ದ ತಮ್ಮ ಕೊಡೆ, ಬ್ಯಾಗು, ಬಾಟಲಿ ನೋಡಿದರು. ನಿಂತುಬಿಟ್ಟರು.

‘ಮಾಸ್ತರೇ, ನಾನು ಈಗ ಗಿಡದ ಕೆಳಗೆ ಕೂತು ಎಣಿಸುತ್ತಿದ್ದರೆ ನನ್ನನ್ನೇ ಬಿಡುತ್ತಿದ್ದೆನಲ್ಲ!’

‘ಹೌದ್ರಿ ಸಾಹೇಬ್ರ.’

‘ಇವರೆಲ್ಲರನ್ನೂ ಹಿಡಿಯುತ್ತಿದ್ದೆ.’

‘ಹಿಡಿದೇ ಬಿಟ್ಟಿದ್ರಿ.’

ಅವರು ನಗತೊಡಗಿದರು. ನಕ್ಕು ನಕ್ಕು ಬೇವಿನ ಗಿಡಕ್ಕೆ ಆತುಕೊಂಡರು. ಯಾಕೆ ನಗುತ್ತಿದ್ದಾರೆಂದು ತಿಳಿಯದೆಯೇ ಜನರೂ ನಕ್ಕರು. ಆಮೇಲೆ ಸಾಹೇಬರ ಮುಖ ಇಳಿಯಿತು. ‘ನನ್ನ ಎಣಿಕೆಯ ಮೇಲೆ ಸರಕಾರ ಬಂಡವಾಳ ಹಾಕಿದೆ. ದೊಡ್ಡ ಸಾಹೇಬರಿಗೆ ಏನು ಹೇಳಲಿ?’

ಉತ್ತರ ಕೊಟ್ಟವಳು ಗೌರವ್ವ. ಅವಳಿಗೆ ಬೇರೆಯದೇ ಸಿಟ್ಟಿತ್ತು. ‘ಅಲ್ರಿ ಸಾಹೇಬ್ರ, ನಾವು ದಿನಾ ಪುರ್ತಗೇರಿ ತಿರುವಿನ ತನಕ ಬಸ್ಸಿನ ಬಾಜೂಕ ಧೂಳಾ ತಿನಕೋತ ನಡೀತೀವಿ. ಒಳಗ ಸೀಟು ಖಾಲಿ ಇರತಾವ. ಅಲ್ಲಿತನಕ ಟಿಕೀಟು ಯಾಕ ಕೊಡೂದಿಲ್ಲ? ಕೇಳಿದ್ರ ನಿಮ್ಮ ಕಂಡಕ್ಟರ್ ಮುಂದಿನ ದೊಡ್ಡ ಊರಿಂದು ತಗೋ ಅಂತಾನ.’

ಮಾತು ನಿಜ. ದರದ ಹಂತಗಳನ್ನು ಮೇಲಿನವರು ಕಟ್ಟಿದ್ದರು. ಅಷ್ಟು ಸಣ್ಣ ದೂರಕ್ಕೆ ಹಂತವಿರಲಿಲ್ಲ. ಕಾಮತರು ಅಲ್ಲೇ ಅಪ್ಪಣೆ ಕೊಟ್ಟರು: ಪುರ್ತಗೇರಿ ತಿರುವಿಗೆ ಒಂದು ಹಂತ, ಎಲ್ಲಕ್ಕಿಂತ ಕಡಿಮೆ ದರ. ‘ಮೇಲಿನವರಿಗೆ ನಾನು ಹೇಳಿಕೊಳ್ಳುತ್ತೇನೆ’ ಎಂದರು. ಹಾಗೆ ಹೇಳುವ ಅಧಿಕಾರಿಗಳು ನಿಮಗೆ ಸಿಗಲಿ ಎಂದು ಹಾರೈಸುತ್ತೇನೆ.

ಮರುದಿನದಿಂದ ನೋಡಬೇಕಿತ್ತು! ಕಳಿಸಲು ಬಂದವರೆಲ್ಲ ಬಸ್ಸೇರಿದರು. ಒಳಗೆ ಮದುವೆಮನೆಯ ಗದ್ದಲ. ತಿರುವಿನಲ್ಲಿ ಇಳಿದು, ಕಣ್ಣೊರೆಸಿಕೊಂಡು, ಹರಟೆ ಹೊಡೆಯುತ್ತ ಊರಿಗೆ ನಡೆದು ಬರುವರು. ಕೆಲವರು ಇಳಿಯಲೇ ಇಲ್ಲ. ‘ಇಲ್ಲೀತನಕ ಬಂದೇವಿ, ರೋಣಾ ನೋಡಿ ಬರೂಣು’ ಎಂದು ಮುಂದಕ್ಕೂ ಟಿಕೆಟು ಕೇಳತೊಡಗಿದರು. ಕೂತು ಹೋಗುವ ರುಚಿ ಒಮ್ಮೆ ಹತ್ತಿದರೆ ಬಿಡುವುದಿಲ್ಲ. ಶಾಂತಾಳನ್ನು ಇದೇ ಬಸ್ಸಿನಲ್ಲಿ ಕರೆತಂದರು. ಇಮಾಮಸಾಬ ಅವತ್ತು ಎಷ್ಟು ಮೆಲ್ಲಗೆ ಬಂದನೆಂದರೆ ಹಿಂದಿನಿಂದ ಬಂದ ಸೈಕಲ್ಲಿನವರು ಬಸ್ಸನ್ನು ಹಿಂದೆ ಹಾಕಿ ಹೋದರು. ಹೆಣ್ಣುಕೂಸು ಹುಟ್ಟಿತು.

ಆ ಕೂಸನ್ನು ಕೊಣ್ಣೂರಿಗೆ ಕಳಿಸುವ ದಿನವೇ ದೊಡ್ಡ ಸಾಹೇಬರು ಬಂದಿಳಿದರು. ದಪ್ಪನೆಯ ಕನ್ನಡಕ, ಕಡಿಮೆ ಮಾತು. ಹಿಂದಿನ ಸಂಜೆ ಮಳೆ ಹೊಡೆದಿತ್ತು. ಬಾಣಂತಿ ಹೊರಟಿದ್ದಾಳೆಂದರೆ ಕೇಳಬೇಕೆ, ಇಡೀ ನೇಕಾರರ ಓಣಿಯೇ ಬಸ್ಸಿನಲ್ಲಿತ್ತು. ತೊಟ್ಟಿಲು ಮೇಲೇರಿತು. ದೊಡ್ಡ ಸಾಹೇಬರು ಮುಂದಿನ ಸೀಟಿನಲ್ಲಿ, ಪಕ್ಕಕ್ಕೆ ಕಾಮತರು, ಬಾಗಿಲಲ್ಲಿ ನಾನು. ಬಸ್ಸು ತುಂಬಿ ತುಳುಕುತ್ತಿತ್ತು. ಕಾಮತರ ಕಾಲು ಖುಷಿಯಿಂದ ಕುಣಿಯುತ್ತಿತ್ತು.

ಪುರ್ತಗೇರಿ ತಿರುವು ಬಂತು. ಜನ ದಬದಬ ಇಳಿದರು. ಒಳಗೆ ಉಳಿದವರು ಶಾಂತಾ, ಅವಳ ಗಂಡ, ಮಗಳನ್ನು ಮುಟ್ಟಿಸಿ ಬರಲು ಹೊರಟ ಗೌರವ್ವ, ಅಲ್ಲೊಬ್ಬರು ಇಲ್ಲೊಬ್ಬರು. ದೊಡ್ಡ ಸಾಹೇಬರು ತಿರುಗಿ ಖಾಲಿ ಸೀಟುಗಳನ್ನು ನೋಡಿದರು.

‘ಕಾಮತ್, ಇವರು ಪ್ರಯಾಣಿಕರಲ್ಲ’ ಅಂದರು.

ಕಾಮತರ ಕಾಲು ನಿಂತಿತು. ಇಮಾಮಸಾಬನ ಬೆನ್ನು ನನಗೆ ಕಾಣುತ್ತಿತ್ತು, ಅದೂ ಬಾಗಿತು. ಅವನ ಲಕ್ಷ್ಯ ತಪ್ಪಿತೋ, ತಗ್ಗನ್ನು ಮಾತಾಡಿಸುವುದು ಮರೆತನೋ, ತಿರುವು ಇನ್ನೂ ಪೂರ್ತಿ ದಾಟುವುದರೊಳಗೇ ಬಸ್ಸಿನ ಹಿಂದಿನ ಗಾಲಿ ಎರೆಮಣ್ಣಿನಲ್ಲಿ ಕೂತಿತು. ಎಂಜಿನ್ ಕೂಗಿತು. ಗಾಲಿ ಇನ್ನಷ್ಟು ಇಳಿಯಿತು. ಒಳಗಿದ್ದ ಗಂಡಸರು ಇಳಿದು ನೂಕಿದೆವು. ಕದಲಲೊಲ್ಲದು. ದೊಡ್ಡ ಸಾಹೇಬರು ಗಡಿಯಾರ ನೋಡಿದರು. ಕೂಸು ಅಳತೊಡಗಿತು.

ಊರ ಕಡೆಗೆ ನಡೆಯುತ್ತಿದ್ದವರಿಗೆ ಆ ಎಂಜಿನ್ನಿನ ಕೂಗು ಕೇಳಿಸಿತು. ತಿರುಗಿ ನೋಡಿದರು. ಮರುಕ್ಷಣವೇ ಓಡಿಬಂದರು! ಧೋತರ ಎತ್ತಿ ಕಟ್ಟಿದವರು, ಸೀರೆಯ ಕಚ್ಚೆ ಬಿಗಿದವರು, ಚಪ್ಪಲಿ ಬಗಲಲ್ಲಿಟ್ಟವರು. ಯಾರೂ ಯಾರನ್ನೂ ಕರೆಯಲಿಲ್ಲ. ಬಸ್ಸಿನ ಹಿಂದೆ ಕೈಗಳೇ ಕೈಗಳು. ‘ಹೂಂ ಅನ್ನು ಇಮಾಮಣ್ಣಾ!’ ‘ಶಾಂತವ್ವಾ, ಕೂಸಿನ್ನ ಗಟ್ಟಿ ಹಿಡಕೋ!’ ‘ಏ, ಆ ಕನ್ನಡಕದ ಸಾಹೇಬ್ರಿಗೆ ಹಿಂದ ಸರೀರಿ ಅನ್ನು, ಕೆಸರ ಸಿಡೀತದ!’ ಹೇಳುವುದರೊಳಗೆ ಸಿಡಿಯಿತು. ಬಸ್ಸು ಒಮ್ಮೆ ತೂಗಿತು, ಎರಡು ಸಲ ತೂಗಿತು, ಹುಯ್ಯೆಂದು ಮೇಲೆ ಬಂತು. ಕೇಕೆಯೋ ಕೇಕೆ! ದೊಡ್ಡ ಸಾಹೇಬರು ಕೆಸರಾದ ಕನ್ನಡಕ ಕೈಯಲ್ಲಿ ಹಿಡಿದು ಕುರುಡರಂತೆ ನಿಂತಿದ್ದರು. ಒಬ್ಬ ಮುದುಕ ತನ್ನ ರುಮಾಲಿನ ಚುಂಗು ಬಿಚ್ಚಿ ಅದನ್ನು ಒರೆಸಿ ಕೊಟ್ಟ.

ಸಾಹೇಬರು ಕನ್ನಡಕ ಏರಿಸಿ ಆ ಮುದುಕನನ್ನು ನೋಡಿದರು. ‘ನೀವು ಇಳಿದು ಹೋಗಿದ್ದಿರಲ್ಲ?’

‘ಹೌದ್ರಿ.’

‘ಮತ್ತೆ ಯಾಕೆ ಬಂದಿರಿ?’

ಮುದುಕನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ‘ಹುಡುಗಿ ಇನ್ನೂ ಸೀಮಿ ದಾಟಿದ್ದಿಲ್ಲಲ್ರಿ’ ಅಂದ.

ನೂಕಿದವರಲ್ಲಿ ಕೆಲವರು ಅದೇ ಕೆಸರುಗಾಲಿನಲ್ಲಿ ಮತ್ತೆ ಬಸ್ಸೇರಿದರು. ಮುಂದೆ ಮತ್ತೆಲ್ಲಾದರೂ ಸಿಕ್ಕರೆ ಎಂದು. ಕಂಡಕ್ಟರ್ ಟಿಕೆಟು ಕೊಡಲೋ ಬಿಡಲೋ ಎಂದು ನನ್ನ ಮುಖ ನೋಡಿದ. ದೊಡ್ಡ ಸಾಹೇಬರು, ‘ಇವರಿಗೆ ಬೇಡ’ ಎನ್ನುವುದರೊಳಗೆ ಗೌರವ್ವ ಒಳಗಿನಿಂದಲೇ ಕೂಗಿದಳು: ‘ಹರೀಲಿ ಬಿಡ್ರಿ ಟಿಕೀಟು! ಸರಕಾರ ಮಗ್ಗ ಕೊಟ್ಟೈತಿ. ಪುಕ್ಕಟ ಕೂತ್ರ ನಾವು ನೇಯ್ದಂಗ ಹ್ಯಾಂಗ ಆಗತೈತ್ರಿ?’

ದೊಡ್ಡ ಸಾಹೇಬರು ಕಾಮತರ ಕಡೆ ತಿರುಗಿದರು. ‘ಯಾವ ಮಗ್ಗ?’

ಕಾಮತರು ನನ್ನ ಕಡೆ ತಿರುಗಿದರು. ರೋಣ ಬರುವವರೆಗೂ ನಾನು ಮಗ್ಗದ ಕತೆ ಹೇಳಿದೆ, ಗಂಟಿನ ಕತೆ ಹೇಳಿದೆ. ನನ್ನ ಸಾಹೇಬರ ಎಣಿಕೆಯ ಕತೆಯನ್ನು ಹೇಳಲು ಹೆದರಿದ್ದೆ. ಅದನ್ನು ಕಾಮತರೇ ಹೇಳಿಕೊಂಡರು. ದೊಡ್ಡ ಸಾಹೇಬರು ನಗಲಿಲ್ಲ. ಆದರೆ ಕನ್ನಡಕ ತೆಗೆದು ಎರಡು ಮೂರು ಸಲ ಒರೆಸಿಕೊಂಡರು. ರೋಣದಲ್ಲಿ ಅಸೂಟಿಯ ರೈತರು ಹತ್ತಿದರು, ನರಗುಂದದಲ್ಲಿ ಪ್ಯಾಟಿಯ ಮಂದಿ. ಕೊಣ್ಣೂರಿಗೆ ಬಂದಾಗ ದೊಡ್ಡ ಸಾಹೇಬರ ಜೀಪು ಸೇತುವೆಯಾಚೆ ಕಾದಿತ್ತು. ಅವರು ಬ್ಯಾಗಿಗೆ ಕೈ ಹಾಕಿದರೆ ಬ್ಯಾಗು ಅಲ್ಲಿರಲಿಲ್ಲ. ಶಾಂತಾಳ ಮಾವ ಅದನ್ನು ಹೊತ್ತುಕೊಂಡು ಆಗಲೇ ಸೇತುವೆಯ ಕಡೆ ಹೊರಟಿದ್ದ; ಹಿಂದೆ ಕೊಣ್ಣೂರಿನ ಒಂದು ಗುಂಪು.

ದೊಡ್ಡ ಸಾಹೇಬರು ಖಾಲಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಾಲ್ಕು ಹೆಜ್ಜೆ ನಡೆದು, ತಿರುಗಿ ಹೇಳಿದರು: ‘ಶಹರಕ್ಕೆ ಗಾಡಿ ಬೇಕು, ಅದು ಸುಳ್ಳಲ್ಲ. ಬೇರೆ ಕಡೆಯಿಂದ ನೋಡೋಣ. ಇದು ಇಲ್ಲೇ ಇರಲಿ ಕಾಮತ್.’

ಇಮಾಮಸಾಬ ಹಾರ್ನ್ ಒತ್ತಿದ. ನದಿಯ ಆಚೆ ದಂಡೆಯ ಹಕ್ಕಿಗಳೆಲ್ಲ ಎದ್ದುಬಿಟ್ಟವು.

ಏಕೀಕರಣವಾಯಿತು. ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಬಸ್ಸಿನ ಹಣೆಯ ಮೇಲಿನ ಅಕ್ಷರ ಬದಲಾದವು. ಒಂದು ವರ್ಷದ ಬಂಡವಾಳದಲ್ಲಿ ಗಜೇಂದ್ರಗಡಕ್ಕೆ ಸ್ಟ್ಯಾಂಡಿನ ಕಟ್ಟಡವೂ ಬಂತು. ಮೇಲಿನಿಂದ ಬಂದ ನಕಾಶೆಯಲ್ಲಿ ಎಲ್ಲ ಊರುಗಳಿಗೂ ಒಂದೇ ಅಳತೆಯ ನೆರಳು: ಒಂದು ಬಸ್ಸಿಗೆ ಎಷ್ಟು ಜನವೋ ಅಷ್ಟು ಜನ ನಿಲ್ಲುವಷ್ಟು. ಕಾಮತರು ಅದನ್ನು ನನ್ನ ತಗಡಿನ ಕುರ್ಚಿಯ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಪೆನ್ಸಿಲು ತೆಗೆದು ಚಾವಣಿಯ ಗೆರೆಯನ್ನು ಬೇವಿನ ಗಿಡದವರೆಗೂ ಎಳೆದರು. ಎಂಜಿನಿಯರು ಒಪ್ಪಲಿಲ್ಲ. ‘ಇಷ್ಟು ಪ್ರಯಾಣಿಕರು ಎಲ್ಲಿದ್ದಾರೆ ಸ್ವಾಮಿ?’ ಎಂದು ಕೇಳಿದರು. ‘ಪ್ರಯಾಣಿಕರಿಗಲ್ಲ ಮಾರಾಯರೇ’ ಅಂದರು ಕಾಮತರು, ‘ಕಳಿಸಲು ಬಂದವರಿಗೆ.’ ಅದಕ್ಕಾಗಿ ಅವರು ಎಷ್ಟು ಪತ್ರ ಬರೆದರೋ, ಎಷ್ಟು ಜನರ ಬಾಗಿಲಿಗೆ ಹೋದರೋ ನನಗೆ ಗೊತ್ತಿಲ್ಲ. ನೆರಳು ಗಿಡದವರೆಗೂ ಬಂತು.

ಈಗ ನೀವು ಯಂತ್ರದಲ್ಲಿ ಎಣಿಸುತ್ತೀರಿ, ಯಂತ್ರದಲ್ಲಿ ಟಿಕೆಟು ಹರಿಯುತ್ತೀರಿ. ಚಲೋ ಆತು. ಆದರೂ ಒಮ್ಮೆ ಬಾಯಿಬಿಟ್ಟು ‘ಎಲ್ಲಿಗೆ ಹೊಂಟೀರಿ?’ ಎಂದು ಕೇಳಿ.

ಹೊಸ ಸ್ಟ್ಯಾಂಡು ತೆರೆದ ದಿನ ಮೊದಲ ಬಸ್ಸು ಇಮಾಮಸಾಬನದೇ. ಶಾಂತಾ ಮಗಳ ಕೈಹಿಡಿದು ಹತ್ತಿದಳು. ಆ ಕೂಸು ಈಗ ನಡೆಯುತ್ತಿತ್ತು. ಗಂಟೆ ಹೊಡೆಯಿತು, ಬಸ್ಸು ತಿರುಗಿತು, ಧೂಳೆಬ್ಬಿಸಿ ಹೋಯಿತು. ತಿರುವಿನವರೆಗೆ ಹೋಗುವವರು ಅದರೊಳಗೆ ಹೋದರು. ಉಳಿದವರು ಹೊಸ ಚಾವಣಿಯ ಕೆಳಗೆ ನಿಂತು ಕೈಬೀಸಿದರು. ನಾನು ಕುರ್ಚಿ ಸರಿಸಲು ಎದ್ದೆ, ಸರಿಸಬೇಕಾಗಿರಲಿಲ್ಲ. ಬಸ್ಸು ಕಣ್ಣಿಗೆ ಕಾಣದಾದ ಮೇಲೂ, ಸರಕಾರ ಹಾಕಿಸಿದ ಆ ನೆರಳಿನಲ್ಲಿ, ಜನ ತುಂಬಿ ನಿಂತೇ ಇದ್ದರು.